ಕಿಟ್‌ನಿಂದ ಮಾಡಿದ ಸ್ಟೌಟ್ ನೀರಾದಾಗ: ದೋಷ ಹುಡುಕಿ ಸರಿಪಡಿಸುವ ಕ್ರಮ

ಡಬ್ಬಿಯ ಕಿಟ್‌ನಿಂದ, ಅಂದರೆ ಡಬ್ಬಿಯಲ್ಲಿ ಬರುವ ಗಟ್ಟಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಾರದಿಂದ, ಮನೆಯಲ್ಲಿ ತಯಾರಿಸಿದ ಸ್ಟೌಟ್ (ಹುರಿದ ಧಾನ್ಯದ ಕಪ್ಪು ಬಿಯರ್) ಬಗ್ಗೆ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಬಣ್ಣ ಕಪ್ಪಗಿದೆ, ನೊರೆಯೂ ಏಳುತ್ತದೆ, ಆದರೆ ಬಾಯಿಗೆ ಬಿಟ್ಟುಕೊಂಡರೆ ನೀರುನೀರಾಗಿದೆ, ಹುರಿದ ಧಾನ್ಯದ ರುಚಿ ಮೇಲೆಮೇಲೆ ತೇಲಿ ಹೋಗುತ್ತದೆ. ದೂರು ಒಂದೇ ಆದರೂ ಅದರ ಹಿಂದಿನ ಕಾರಣಗಳು ನಾಲ್ಕೈದು ಇರಬಹುದು, ಮತ್ತು ಒಂದು ಕಾರಣಕ್ಕೆ ಹೊಂದುವ ಪರಿಹಾರ ಇನ್ನೊಂದು ಕಾರಣವಿದ್ದಾಗ ಬಿಯರನ್ನು ಮತ್ತಷ್ಟು ಕೆಡಿಸುತ್ತದೆ. ಅನಿಲ ಅತಿಯಾಗಿ ತುಂಬಿದ್ದರಿಂದ ತೆಳುವೆನಿಸುವ ಸ್ಟೌಟ್‌ಗೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಸುರಿದರೆ ಸಿಗುವುದು ಸಿಹಿಯೂ ಚುರುಚುರು ಎನ್ನುವುದೂ ಆದ ಒಂದು ಪಾನೀಯ, ಅಷ್ಟೇ. ಆದ್ದರಿಂದ ಏನನ್ನಾದರೂ ಸೇರಿಸುವ ಮೊದಲು ದೋಷ ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಈ ಬರಹ ಆ ಕ್ರಮವನ್ನೇ ಅನುಸರಿಸುತ್ತದೆ.

ಮುಂದುವರಿಯುವ ಮೊದಲು ಕಾನೂನಿನ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸಲು ಪರವಾನಗಿ ಬೇಕಿಲ್ಲ; ಮಾರುವಂತಿಲ್ಲ, ಅಷ್ಟೇ. ಆಸ್ಟ್ರೇಲಿಯಾದಲ್ಲೂ ಸ್ವಂತ ಬಳಕೆಗೆ ಅವಕಾಶವಿದೆ. ಕರ್ನಾಟಕದಲ್ಲಿ ಮಾತ್ರ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಇಲ್ಲಿ ಹೇಳಿದ ಪ್ರಯೋಗಗಳೆಲ್ಲ ಲಂಡನ್, ಡಬ್ಲಿನ್, ಮೆಲ್ಬರ್ನ್ ಮುಂತಾದ ಕಡೆ ನೆಲೆಸಿರುವ ಕನ್ನಡಿಗರನ್ನು ಉದ್ದೇಶಿಸಿದವು.

ಮೊದಲು ಅಳತೆ, ಆಮೇಲೆ ಅನುಮಾನ

ದೋಷ ಪತ್ತೆಗೆ ಬೇಕಾದ ಮುಖ್ಯ ಸಲಕರಣೆ ಹೈಡ್ರೋಮೀಟರ್. ಹುದುಗು ಪೂರ್ತಿ ನಿಂತ ಮೇಲೆ ಬಿಯರಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) ಎಷ್ಟಿದೆ ಎಂಬ ಒಂದು ಅಂಕಿ ಅರ್ಧದಷ್ಟು ಅನುಮಾನಗಳನ್ನು ಅಲ್ಲೇ ಬಗೆಹರಿಸುತ್ತದೆ. ಅಳೆಯುವ ಮುನ್ನ ಮಾದರಿಯನ್ನು ಎರಡು ಲೋಟಗಳ ನಡುವೆ ಹಲವು ಸಲ ಎತ್ತಿ ಹೊಯ್ದು ಗಾಳಿಗುಳ್ಳೆಗಳನ್ನು ಬಿಡಿಸಬೇಕು. ಗುಳ್ಳೆಗಳು ಉಪಕರಣವನ್ನು ಮೇಲಕ್ಕೆತ್ತಿ ಅಂಕಿಯನ್ನು ಹೆಚ್ಚಾಗಿ ತೋರಿಸುತ್ತವೆ. ಈಗಿನ ಹೆಚ್ಚಿನ ಹೈಡ್ರೋಮೀಟರುಗಳನ್ನು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದಿಸಿರುತ್ತಾರೆ. ಆ ಉಷ್ಣತೆಯ ಶುದ್ಧ ನೀರಿನಲ್ಲಿ ಇಟ್ಟಾಗ 1.000 ತೋರಿಸದಿದ್ದರೆ ಎಷ್ಟು ತಪ್ಪಿದೆ ಎಂಬುದನ್ನು ಬರೆದಿಟ್ಟುಕೊಂಡು ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದು.

ಹುದುಗಿಗೆ ಮುನ್ನ ತೆಗೆದ ಅಳತೆಯನ್ನು ಕಿಟ್‌ಗಳ ವಿಷಯದಲ್ಲಿ ಪೂರ್ತಿ ನಂಬುವಂತಿಲ್ಲ. ಗಟ್ಟಿ ಮಾಲ್ಟ್ ಸಾರದ ಮೇಲೆ ತಣ್ಣೀರು ಸುರಿದಾಗ ಸಿಹಿಯ ಪದರ ಬಕೆಟ್ಟಿನ ತಳದಲ್ಲಿ ಉಳಿದುಬಿಡುವುದು ಸಾಮಾನ್ಯ. ಮೇಲಿನಿಂದ ತೆಗೆದ ಮಾದರಿ ಕಡಿಮೆ ತೋರಿಸುತ್ತದೆ, ಕೆಳಗಿನ ನಲ್ಲಿಯಿಂದ ಹಿಡಿದದ್ದು ಹೆಚ್ಚು ತೋರಿಸುತ್ತದೆ. ಹಾಕಿದ ಸಾಮಗ್ರಿಯ ತೂಕ ಮತ್ತು ನೀರಿನ ಪ್ರಮಾಣದಿಂದ ಲೆಕ್ಕ ಹಾಕಿದ ಅಂಕಿಯೇ ಹೆಚ್ಚು ಭರವಸೆಯದು.

ಎರಡನೆಯ ಪರೀಕ್ಷೆ ಇನ್ನೂ ಸರಳ. ತೆಳುವೆನಿಸಿದ ಬಿಯರನ್ನು ಒಂದು ದೊಡ್ಡ ಲೋಟಕ್ಕೆ ಸುರಿದು, ಚೆನ್ನಾಗಿ ಕಲಕಿ, ಅನಿಲವೆಲ್ಲ ಹೋಗುವವರೆಗೆ ಬಿಟ್ಟು, 12 ಡಿಗ್ರಿಯ ಆಸುಪಾಸಿನಲ್ಲಿ ಕುಡಿದು ನೋಡಿ. ಆಗ ಅದು ಮಂದವಾಗಿ, ಚಾಕೊಲೇಟ್ ಮತ್ತು ಕಾಫಿಯ ಛಾಯೆಗಳೊಂದಿಗೆ ಬಾಯಿ ತುಂಬಿದರೆ ದೋಷ ತಯಾರಿಕೆಯಲ್ಲಿಲ್ಲ. ಬಾಟಲಿಗೆ ಹಾಕಿದ ಸಕ್ಕರೆಯಲ್ಲಿ ಅಥವಾ ಬಡಿಸುವ ಉಷ್ಣತೆಯಲ್ಲಿದೆ. ಅನಿಲ ಹೋದ ಮೇಲೂ ನೀರಾಗಿಯೇ ಇದ್ದರೆ ಮುಂದಿನ ಭಾಗ ನಿಮ್ಮದು.

ಅಂತಿಮ ಗ್ರಾವಿಟಿ 1.008ಕ್ಕಿಂತ ಕೆಳಗಿದ್ದರೆ: ಸಕ್ಕರೆ ಮತ್ತು ನೀರು

ತೆಳುವಾದ ಕಿಟ್ ಸ್ಟೌಟ್‌ಗಳಲ್ಲಿ ಬಹುಪಾಲಿನ ಮೂಲ ಇಲ್ಲಿದೆ. ಒಂದು ಸಾಮಾನ್ಯ ಡಬ್ಬಿಯಲ್ಲಿ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಬೆರೆತ ಮಾಲ್ಟ್ ಸಾರ 1.7 ಕಿಲೋ ಇರುತ್ತದೆ. ಅದಕ್ಕೆ 1 ಕಿಲೋ ಸಕ್ಕರೆ ಸೇರಿಸಿ 23 ಲೀಟರ್ ಮಾಡಿರಿ ಎಂಬುದು ಡಬ್ಬಿಯ ಮೇಲಿನ ರೂಢಿಯ ಸೂಚನೆ. ಬ್ರಿಟನ್ನಿನಲ್ಲಿ ಇದನ್ನೇ 40 ಪಿಂಟ್ ಎನ್ನುತ್ತಾರೆ. ಲೆಕ್ಕ ಹಾಕಿದರೆ ಆರಂಭದ ಗ್ರಾವಿಟಿ ಸುಮಾರು 1.039 ಆಗುತ್ತದೆ. ಅದರಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಸಕ್ಕರೆಯಿಂದಲೇ ಬಂದದ್ದು. ಯೀಸ್ಟ್ ಸಕ್ಕರೆಯನ್ನು ಪೂರ್ತಿಯಾಗಿ ಮದ್ಯವನ್ನಾಗಿ ಮಾರ್ಪಡಿಸುತ್ತದೆ, ಏನನ್ನೂ ಉಳಿಸುವುದಿಲ್ಲ. ಮಾಲ್ಟ್ ಹಾಗಲ್ಲ: ಅದರಲ್ಲಿ ಯೀಸ್ಟ್ ಜೀರ್ಣಿಸಿಕೊಳ್ಳಲಾಗದ ಡೆಕ್ಸ್‌ಟ್ರಿನ್‌ಗಳೂ ಪ್ರೋಟೀನುಗಳೂ ಇದ್ದು, ಬಿಯರಿನ ಮಂದತೆಯನ್ನು ಕಟ್ಟುವವು ಬಹುತೇಕ ಅವೇ. ಹೀಗೆ ಮಾಡಿದ ಸ್ಟೌಟ್ 1.006ರ ಹತ್ತಿರ ಬಂದು ನಿಲ್ಲುತ್ತದೆ, ಮದ್ಯಾಂಶ ಶೇಕಡಾ 4.3ರ ಆಸುಪಾಸಿನಲ್ಲಿರುತ್ತದೆ.

ಈಗ ಆ 1 ಕಿಲೋ ಸಕ್ಕರೆಯ ಬದಲು 1 ಕಿಲೋ ಒಣ ಮಾಲ್ಟ್ ಸಾರವನ್ನು ಹಾಕಿ, ಒಟ್ಟು ಪ್ರಮಾಣವನ್ನು 23ರ ಬದಲು 20 ಲೀಟರಿಗೆ ನಿಲ್ಲಿಸಿದರೆ ಆರಂಭ ಸುಮಾರು 1.044, ಅಂತ್ಯ 1.012ರಿಂದ 1.013. ಮದ್ಯಾಂಶ ಹೆಚ್ಚುಕಡಿಮೆ ಮೊದಲಿನಷ್ಟೇ, ಆದರೆ ಬಿಯರಿನಲ್ಲಿ ಉಳಿದ ಸಾರ ಎರಡರಷ್ಟು. ಇಡೀ ಕೈಪಿಡಿಯಲ್ಲಿ ಒಂದೇ ಒಂದು ಬದಲಾವಣೆಯನ್ನು ಮಾಡುವುದಿದ್ದರೆ ಇದನ್ನು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಲ್ಯಾಕ್ಟೋಸ್, ಓಟ್ಸ್, ಕಾಫಿ ಇವೆಲ್ಲವೂ ಇದಾದ ಮೇಲಿನ ಮಾತು. ಸಕ್ಕರೆಯ ಜಾಗದಲ್ಲಿ ಡೆಕ್ಸ್‌ಟ್ರೋಸ್ ಹಾಕಿದರೂ ಮಂದತೆಯ ದೃಷ್ಟಿಯಿಂದ ವ್ಯತ್ಯಾಸವಿಲ್ಲ, ಏಕೆಂದರೆ ಅದೂ ಪೂರ್ತಿ ಹುದುಗುತ್ತದೆ.

ಹೀಗೆ ಮಾಲ್ಟ್ ಹೆಚ್ಚಿಸಿದಾಗ ಒಂದು ಅಡ್ಡ ಪರಿಣಾಮವಿದೆ. ಒಣ ಮಾಲ್ಟ್ ಸಾರದಲ್ಲಿ ಹಾಪ್ಸ್ ಇರುವುದಿಲ್ಲವಾದ್ದರಿಂದ ಸಿಹಿ ಹೆಚ್ಚಿ ಕಹಿ ಹಿಂದೆ ಸರಿಯುತ್ತದೆ. ಒಂದು ಕಿಲೋವರೆಗೆ ಇದು ತೊಂದರೆಯಲ್ಲ, ಪ್ರಮಾಣ ಕಡಿಮೆ ಮಾಡಿದ್ದರಿಂದ ಕಹಿ ಸ್ವಲ್ಪ ಸರಿದೂಗುತ್ತದೆ. ಅದಕ್ಕಿಂತ ಹೆಚ್ಚು ಹಾಕುವುದಿದ್ದರೆ ಫಗಲ್ ಅಥವಾ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್ 15ರಿಂದ 20 ಗ್ರಾಂನಷ್ಟನ್ನು, ಎರಡು ಮೂರು ಲೀಟರ್ ನೀರಿನಲ್ಲಿ ಸ್ವಲ್ಪ ಮಾಲ್ಟ್ ಸಾರ ಕರಗಿಸಿ, ಅರ್ಧ ಗಂಟೆಯಿಂದ ಒಂದು ಗಂಟೆ ಕುದಿಸಿ ಸೇರಿಸಬೇಕು. ಎರಡು ಸ್ಟೌಟ್ ಡಬ್ಬಿಗಳನ್ನೇ ಒಂದೇ ಬಕೆಟ್ಟಿಗೆ ಸುರಿಯುವವರೂ ಇದ್ದಾರೆ. 23 ಲೀಟರಿಗೆ ಅದು ಕೂಡ 1.044ರ ಹತ್ತಿರವೇ ಬರುತ್ತದೆ, ಆದರೆ ಎರಡು ಡಬ್ಬಿಗಳ ಕಹಿಯೂ ಒಟ್ಟಾಗುವುದರಿಂದ ಕಟುವಾದ, ತಿಂಗಳುಗಟ್ಟಲೆ ಇಟ್ಟು ಕುಡಿಯಬೇಕಾದ ಬಿಯರ್ ಆಗುತ್ತದೆ. ಕಹಿಯನ್ನು ಮೆಚ್ಚುವವರಿಗೆ ಅದು ಒಳ್ಳೆಯ ದಾರಿಯೇ.

ಯೀಸ್ಟ್ ಮತ್ತು ಉಷ್ಣತೆ

ಮಾಲ್ಟ್ ಮಾತ್ರ ಬಳಸಿದ್ದರೂ ಗ್ರಾವಿಟಿ 1.008ಕ್ಕಿಂತ ಕೆಳಗೆ ಇಳಿದಿದ್ದರೆ ಯೀಸ್ಟ್ ತಳಿಯನ್ನು ನೋಡಬೇಕು. ನಾಟಿಂಗ್‌ಹ್ಯಾಮ್‌ನಂಥ ತಳಿಗಳು ಮಾಲ್ಟ್ ಸಕ್ಕರೆಗಳನ್ನು ಬಹಳ ಮಟ್ಟಿಗೆ ಮುಗಿಸುತ್ತವೆ. ವಿಂಡ್ಸರ್ ಎಂಬ ಒಣ ಯೀಸ್ಟ್ ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ಬಳಸುವುದಿಲ್ಲವಾದ್ದರಿಂದ ಹೆಚ್ಚು ಸಾರವನ್ನು ಉಳಿಸುತ್ತದೆ. ಐರಿಷ್ ಏಲ್ ತಳಿಗಳಾದ ವೈಈಸ್ಟ್ 1084 ಮತ್ತು ಡಬ್ಲ್ಯೂಎಲ್‌ಪಿ004 ಇವೆರಡರ ನಡುವಿನವು, ಒಣಸ್ಟೌಟ್‌ಗೆ, ಅಂದರೆ ಸಿಹಿ ಕಡಿಮೆಯಿರುವ ಸ್ಟೌಟ್‌ಗೆ, ಹದವಾಗಿ ಹೊಂದುವಂಥವು. ವಿಂಡ್ಸರ್ ಬಳಸಿದಾಗ 1.016 ಅಥವಾ ಇನ್ನೂ ಮೇಲೆ ನಿಂತರೆ ಹುದುಗು ಅರ್ಧಕ್ಕೆ ನಿಂತಿದೆಯೆಂದು ಗಾಬರಿಯಾಗಬೇಕಿಲ್ಲ. ಆದರೆ ಯಾವುದೇ ಯೀಸ್ಟ್ ಆಗಲಿ, ಎರಡು ಮೂರು ದಿನಗಳ ಅಂತರದಲ್ಲಿ ತೆಗೆದ ಎರಡು ಅಳತೆಗಳು ಒಂದೇ ಆಗಿರದ ಹೊರತು ಬಾಟಲಿಗೆ ತುಂಬಬಾರದು. ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿದರೆ ಗಾಜು ಸಿಡಿಯುತ್ತದೆ, ಕೈಗೂ ಕಣ್ಣಿಗೂ ಗಾಯವಾಗುತ್ತದೆ.

ಡಬ್ಬಿಯ ಮುಚ್ಚಳದಡಿ ಬರುವ ಯೀಸ್ಟ್ ಪೊಟ್ಟಣ ಹಲವೊಮ್ಮೆ 5ರಿಂದ 7 ಗ್ರಾಂನದು, ಗೋದಾಮಿನ ಬಿಸಿಯಲ್ಲಿ ಎಷ್ಟು ಕಾಲ ಕಳೆದಿದೆಯೆಂಬುದು ತಿಳಿಯುವಂತಿಲ್ಲ. 11 ಗ್ರಾಂನ ಹೊಸ ಪೊಟ್ಟಣವೊಂದನ್ನು ಬೇರೆಯಾಗಿ ಕೊಳ್ಳುವುದು ಕಡಿಮೆ ಖರ್ಚಿನ ವಿಮೆ. ಉಷ್ಣತೆಯ ವಿಷಯದಲ್ಲಿ ಕೆಲವು ಕಿಟ್‌ಗಳ ಸೂಚನೆಗಳು ತೀರ ಉದಾರ, 25 ಡಿಗ್ರಿಯನ್ನೂ ಮೀರಲು ಬಿಡುತ್ತವೆ. ಆ ಬಿಸಿಯಲ್ಲಿ ಯೀಸ್ಟ್ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಹಣ್ಣಿನ ಎಸ್ಟರುಗಳನ್ನೂ ಪೇಂಟ್ ತೆಳುಮಾಡುವ ದ್ರವದಂಥ ಕಟು ಆಲ್ಕೊಹಾಲುಗಳನ್ನೂ ಬಿಡುತ್ತದೆ. ಈ ಕಟುತನ ಹುರಿದ ರುಚಿಯನ್ನು ಮುಚ್ಚಿ ಬಿಯರನ್ನು ತೆಳುವೆನಿಸುವಂತೆ ಮಾಡುತ್ತದೆ. ಹುದುಗು ಭರದಲ್ಲಿದ್ದಾಗ ಬಕೆಟ್ಟಿನೊಳಗಿನ ಉಷ್ಣತೆ ಕೋಣೆಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುತ್ತದೆ ಎಂಬುದನ್ನು ನೆನಪಿಟ್ಟು, ದ್ರವದ ಉಷ್ಣತೆಯೇ 18ರಿಂದ 20 ಡಿಗ್ರಿಯಲ್ಲಿರುವಂತೆ ನೋಡಿಕೊಳ್ಳಬೇಕು. ಮೆಲ್ಬರ್ನಿನ ಬೇಸಿಗೆಯಲ್ಲಿ ಬಕೆಟ್ಟಿಗೆ ಒದ್ದೆ ಟವೆಲು ಸುತ್ತಿ ಫ್ಯಾನ್ ಹಾಕಿದರೂ ಕೆಲವು ಡಿಗ್ರಿ ಇಳಿಯುತ್ತದೆ. ಹಸಿ ಸೇಬಿನ ವಾಸನೆ ಬಂದರೆ ಅದು ಅಸಿಟಾಲ್ಡಿಹೈಡ್, ಬಿಯರನ್ನು ಯೀಸ್ಟ್ ಗಷ್ಟಿನ ಮೇಲಿಂದ ಬೇಗ ಎತ್ತಿದ ಗುರುತು. ಬೆಣ್ಣೆಯ ವಾಸನೆ ಬಂದರೆ ಡಯಾಸಿಟೈಲ್. ಹುದುಗಿನ ಕೊನೆಯಲ್ಲಿ ಎರಡು ಮೂರು ದಿನ 21 ಡಿಗ್ರಿಗೆ ಏರಿಸಿ ಇಟ್ಟರೆ ಎರಡೂ ಸಾಮಾನ್ಯವಾಗಿ ಹೋಗುತ್ತವೆ.

ಮಂದತೆಯನ್ನು ಹೊರಗಿನಿಂದ ಸೇರಿಸುವ ಬಗೆ

ಸಕ್ಕರೆ ತೆಗೆದು, ನೀರು ಕಡಿಮೆ ಮಾಡಿದ ಮೇಲೂ ಮಂದತೆ ಸಾಲದೆಂದರೆ ಮೂರು ದಾರಿಗಳಿವೆ, ಅವು ಒಂದೇ ಮಟ್ಟದವಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಎಲ್ಲಕ್ಕಿಂತ ಸುಲಭದ್ದು: 20 ಲೀಟರಿಗೆ 200ರಿಂದ 250 ಗ್ರಾಂ ಹಾಕಿದರೆ ಗ್ರಾವಿಟಿ ನಾಲ್ಕು ಅಂಕದಷ್ಟು (0.004) ಏರುತ್ತದೆ, ಸಿಹಿ ಹೆಚ್ಚುವುದಿಲ್ಲ, ಸಾಮಾನ್ಯ ಏಲ್ ಯೀಸ್ಟ್ ಅದರ ಬಹುಪಾಲನ್ನು ಮುಟ್ಟುವುದಿಲ್ಲ. ಆದರೆ ಅದಕ್ಕೆ ತನ್ನದೇ ರುಚಿಯೂ ಇಲ್ಲ. ಲ್ಯಾಕ್ಟೋಸ್ 300 ಗ್ರಾಂ ಹಾಕಿದರೆ ಮಂದತೆಯ ಜೊತೆ ಹದವಾದ ಸಿಹಿ ಬರುತ್ತದೆ. ಇದು ಮಿಲ್ಕ್ ಸ್ಟೌಟ್‌ನ ದಾರಿ. ಹಾಲು ಜೀರ್ಣವಾಗದ ಅತಿಥಿಗಳಿಗೆ ಬಡಿಸುವ ಮುನ್ನ ತಿಳಿಸುವುದು ಕರ್ತವ್ಯ.

ಮೂರನೆಯದು ಓಟ್ಸ್ ಅಥವಾ ಬಾರ್ಲಿ ಅವಲಕ್ಕಿ, ಮತ್ತು ಶ್ರಮಕ್ಕೆ ತಕ್ಕ ಫಲ ಕೊಡುವುದು ಇದೇ. ಇಲ್ಲಿ ತಪ್ಪು ತಿಳಿವಳಿಕೆಯೊಂದು ವ್ಯಾಪಕವಾಗಿದೆ: ಓಟ್ಸನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಸುರಿದರೆ ಸಾಕೆಂದು ಹಲವರು ನಂಬುತ್ತಾರೆ. ಓಟ್ಸಿನಲ್ಲಿರುವ ಪಿಷ್ಟವನ್ನು ಒಡೆಯುವ ಕಿಣ್ವಗಳು ಅದರಲ್ಲಿಲ್ಲ. ಹಾಗೆ ನೆನೆಸಿದಾಗ ಬರುವುದು ಹಸಿ ಪಿಷ್ಟ. ಸ್ಟೌಟ್‌ನ ಕಪ್ಪಿನಲ್ಲಿ ಅದರ ಮಸುಕು ಕಾಣದೆ ಹೋದರೂ ಕಾಡು ಯೀಸ್ಟ್‌ಗೂ ಬ್ಯಾಕ್ಟೀರಿಯಾಕ್ಕೂ ಅದು ಆಹಾರವಾಗುತ್ತದೆ. ಆದ್ದರಿಂದ 500 ಗ್ರಾಂ ಅವಲಕ್ಕಿಯ ಜೊತೆ ಕನಿಷ್ಠ ಅಷ್ಟೇ ತೂಕದ ಪುಡಿಮಾಡಿದ ಪೇಲ್ ಮಾಲ್ಟ್ (ಕಿಣ್ವಗಳಿರುವ ತಿಳಿಬಣ್ಣದ ಮಾಲ್ಟ್) ಬೆರೆಸಿ, ಮೂರು ಲೀಟರ್ ನೀರಿನಲ್ಲಿ 67ರಿಂದ 69 ಡಿಗ್ರಿಯಲ್ಲಿ ಒಂದು ಗಂಟೆ ಮುಚ್ಚಿಡಬೇಕು. ಈ ಉಷ್ಣತೆಯಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಬೇಗ ನಿಷ್ಕ್ರಿಯವಾಗಿ ಆಲ್ಫಾ ಅಮೈಲೇಸ್ ಕೆಲಸ ಮುಂದುವರಿಸುವುದರಿಂದ ಹುದುಗದ ಡೆಕ್ಸ್‌ಟ್ರಿನ್‌ಗಳು ಹೆಚ್ಚಾಗಿ ಉಳಿಯುತ್ತವೆ, ನಮಗೆ ಬೇಕಾದುದೂ ಅದೇ. ಸೋಸಿದ ದ್ರವವನ್ನು ಕುದಿಸಿ ಡಬ್ಬಿಯ ಸಾರದೊಂದಿಗೆ ಸೇರಿಸಿದರೆ ನೊರೆಯ ಗುಣವೂ ಸುಧಾರಿಸುತ್ತದೆ.

ರುಚಿ ಸಪ್ಪೆಯಿದ್ದರೆ, ಒಗರಾಗಿದ್ದರೆ

ಗ್ರಾವಿಟಿ ಸರಿಯಿದ್ದೂ ರುಚಿ ಸಪ್ಪೆಯಾಗಿದ್ದರೆ ಹುರಿದ ಧಾನ್ಯ ಸಾಲದು. 1817ರಲ್ಲಿ ಡೇನಿಯಲ್ ವೀಲರ್ ಕಪ್ಪು ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಪೋರ್ಟರ್ ಮತ್ತು ಸ್ಟೌಟ್‌ಗಳ ಬಣ್ಣ ಸ್ವಲ್ಪವೇ ಧಾನ್ಯದಿಂದ ಬರುವಂತಾಯಿತು. 1880ರಲ್ಲಿ ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಾಲ್ಟ್ ತೆರಿಗೆಯನ್ನು ತೆಗೆದು ಬಿಯರಿನ ಮೇಲೆಯೇ ತೆರಿಗೆ ಹಾಕಿದ ಮೇಲೆ ಮೊಳಕೆ ಬರಿಸದ ಹುರಿದ ಬಾರ್ಲಿಯನ್ನು ಬಳಸಲು ಕಾನೂನಿನ ಅಡ್ಡಿ ಹೋಯಿತು. ಇಂದು ಐರಿಷ್ ಒಣಸ್ಟೌಟ್‌ನ ಗುರುತಾಗಿರುವ ಕಾಫಿಯಂಥ ರುಚಿ ಈ ಹುರಿದ ಬಾರ್ಲಿಯದು. 20 ಲೀಟರಿಗೆ 200ರಿಂದ 250 ಗ್ರಾಂ ಒರಟಾಗಿ ಪುಡಿಮಾಡಿದ ಹುರಿದ ಬಾರ್ಲಿ, ಜೊತೆಗೆ 250 ಗ್ರಾಂ ಕ್ರಿಸ್ಟಲ್ ಮಾಲ್ಟ್, ಎರಡು ಲೀಟರ್ ನೀರಿನಲ್ಲಿ 65ರಿಂದ 70 ಡಿಗ್ರಿಯಲ್ಲಿ ಅರ್ಧ ಗಂಟೆ ನೆನೆಸಿ, ಧಾನ್ಯ ತೆಗೆದು, ದ್ರವವನ್ನು ಮಾತ್ರ ಹತ್ತು ನಿಮಿಷ ಕುದಿಸಿ ಸೇರಿಸಬೇಕು. ಈ ಎರಡು ಧಾನ್ಯಗಳಿಗೆ ಕಿಣ್ವಗಳ ಕೆಲಸ ಬೇಕಿಲ್ಲ.

ಒಗರು ಮತ್ತು ಕಹಿ ಬೇರೆಬೇರೆ. ಕಹಿ ನಾಲಿಗೆಯ ರುಚಿ. ಒಗರು ಒಸಡು ಮತ್ತು ಕೆನ್ನೆಯ ಒಳಭಾಗ ಒಣಗಿ ಹಿಡಿದಂತಾಗುವ ಅನುಭವ. ಸ್ಟೌಟ್ ಒಗರಾಗಿದ್ದರೆ ಧಾನ್ಯವನ್ನು ಕುದಿಸಿದ್ದೀರಿ ಅಥವಾ ಅತಿಯಾಗಿ ತೊಳೆದಿದ್ದೀರಿ ಎಂದೇ ಅರ್ಥ. ಇಳಿದುಹೋದ ಕಾಫಿ ಪುಡಿಯ ಮೇಲೆ ಮತ್ತೆ ಮತ್ತೆ ಬಿಸಿನೀರು ಹಾಕಿದಾಗ ಡಿಕಾಕ್ಷನ್ನಿಗೆ ಬರುವ ದೋಷದಂತೆಯೇ ಇದು. 77 ಡಿಗ್ರಿ ಮೀರಿದರೆ ಸಿಪ್ಪೆಯ ಟ್ಯಾನಿನ್‌ಗಳು ಹೆಚ್ಚಾಗಿ ಬಿಡುತ್ತವೆ, ಗಡಸು ನೀರಿನಲ್ಲಂತೂ ಇನ್ನಷ್ಟು. ಹುರಿದ ಧಾನ್ಯವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿದರೆ ಈ ಅಪಾಯವೇ ಇಲ್ಲ, ರುಚಿಯೂ ಮೃದುವಾಗಿರುತ್ತದೆ.

ಚುರುಕಾದ ಹುಳಿ, ಸೀದ ವಾಸನೆ ಮತ್ತು ತೆಳುತನ ಮೂರೂ ಒಟ್ಟಿಗೆ ಬಂದರೆ ನೀರನ್ನು ಅನುಮಾನಿಸಬೇಕು. ಹುರಿದ ಧಾನ್ಯ ಆಮ್ಲೀಯವಾದುದು; ಲಂಡನ್ನಿನ ಗಡಸು ನೀರಿನ ಬೈಕಾರ್ಬನೇಟ್ ಆ ಆಮ್ಲವನ್ನು ತಡೆಯುತ್ತದೆ, ಮೆಲ್ಬರ್ನಿನ ತೀರ ಮೃದುವಾದ ನೀರು ತಡೆಯುವುದಿಲ್ಲ. ಒಂದು ಲೋಟ ಬಿಯರಿಗೆ ಅಡುಗೆ ಸೋಡಾದ ಕೆಲವೇ ಹರಳುಗಳನ್ನು ಹಾಕಿ ನೋಡಿ. ರುಚಿ ತಟ್ಟನೆ ದುಂಡಗಾದರೆ ಮುಂದಿನ ಸಲ ಧಾನ್ಯ ನೆನೆಸುವ ನೀರಿಗೆ 1 ಗ್ರಾಂ ಸೋಡಾ ಸೇರಿಸಬಹುದು. ಹಾಗೆಯೇ 20 ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮಾಲ್ಟಿನ ರುಚಿ ತುಂಬಿಕೊಂಡಂತೆ ಅನಿಸುತ್ತದೆ. ಇದಕ್ಕಿಂತ ಹೆಚ್ಚು ಲವಣ ಬೇಡ, ಏಕೆಂದರೆ ಮಾಲ್ಟ್ ಸಾರದಲ್ಲಿ ಅದನ್ನು ತಯಾರಿಸಿದ ಕಾರ್ಖಾನೆಯ ನೀರಿನ ಲವಣಗಳು ಆಗಲೇ ಇವೆ. ಔಷಧದ ಅಥವಾ ಬ್ಯಾಂಡೇಜಿನ ವಾಸನೆ ಬಂದರೆ ಅದು ನಲ್ಲಿನೀರಿನ ಕ್ಲೋರಿನ್ ಅಥವಾ ಕ್ಲೋರಮೈನ್‌ನಿಂದಾದ ಕ್ಲೋರೋಫೀನಾಲ್. 20 ಲೀಟರ್ ನೀರಿಗೆ ಅರ್ಧ ಕ್ಯಾಂಪ್ಡನ್ ಮಾತ್ರೆ (ಕ್ಲೋರಿನ್ ಕಳೆಯುವ ಸಲ್ಫೈಟ್ ಮಾತ್ರೆ) ಸಾಕು.

ಡಬ್ಬಿಯ ದಿನಾಂಕವನ್ನೂ ಓದಿ. ಹಳೆಯ ದ್ರವ ಸಾರ ಬಣ್ಣಗೂಡುತ್ತ, ಶಾಯಿಯಂಥ ಹಳಸಲು ಛಾಯೆಯನ್ನು ಪಡೆಯುತ್ತದೆ. ಇದನ್ನು ಯಾವ ಸೇರ್ಪಡೆಯಿಂದಲೂ ಮರೆಮಾಡಲಾಗದು.

ಅನಿಲ ಮತ್ತು ಉಷ್ಣತೆ

ಡ್ರಾಟ್ ಗಿನ್ನೆಸ್ ಶೇಕಡಾ 4.2 ಮದ್ಯಾಂಶದ, ಅಷ್ಟೇನೂ ಸಾರ ಉಳಿಯದ ಬಿಯರ್. ಆದರೂ ಅದು ಕೆನೆಯಂತೆ ಮಂದವೆನಿಸುವುದಕ್ಕೆ ಮುಖ್ಯ ಕಾರಣ 1959ರಲ್ಲಿ ಆ ಕಂಪನಿಯಲ್ಲಿ ಮೈಕೆಲ್ ಆ್ಯಶ್ ರೂಪಿಸಿದ ನೈಟ್ರೋಜನ್ ಪದ್ಧತಿ. ಸಣ್ಣ ಗುಳ್ಳೆಗಳು, ಕಡಿಮೆ ಇಂಗಾಲದ ಡೈಆಕ್ಸೈಡ್, ಆದ್ದರಿಂದ ನಾಲಿಗೆಗೆ ಚುಚ್ಚದ ಬಿಯರ್. ಕಿಟ್ ಸ್ಟೌಟನ್ನು ಅದರೊಂದಿಗೆ ಹೋಲಿಸಿ ನಿರಾಶರಾಗುವವರು ಹೋಲಿಸುತ್ತಿರುವುದು ಬಹುಪಾಲು ಅನಿಲವನ್ನು.

ಲೀಟರಿಗೆ 8 ಗ್ರಾಂ ಸಕ್ಕರೆ ಹಾಕಿ ಬಾಟಲಿ ತುಂಬುವ ರೂಢಿ ಲಾಗರಿಗೆ ಸರಿ. ಹುದುಗಿನಿಂದ ಆಗಲೇ ಉಳಿದಿರುವುದೂ ಸೇರಿ ಒಟ್ಟು ಅನಿಲ ಬಿಯರಿನ ಗಾತ್ರದ ಸುಮಾರು 2.9 ಪಟ್ಟಾಗುತ್ತದೆ. ಸ್ಟೌಟ್‌ಗೆ ಲೀಟರಿಗೆ 4ರಿಂದ 4.5 ಗ್ರಾಂ ಸಾಕು, ಆಗ 2 ಪಟ್ಟಿನ ಹತ್ತಿರ ನಿಲ್ಲುತ್ತದೆ. ಬಡಿಸುವುದು 10ರಿಂದ 13 ಡಿಗ್ರಿಯಲ್ಲಿ. ಫ್ರಿಜ್ಜಿನಿಂದ ನೇರವಾಗಿ ತೆಗೆದ ಸ್ಟೌಟ್‌ನಲ್ಲಿ ಹುರಿದ ರುಚಿ ಬಹಳಷ್ಟು ಅಡಗಿರುತ್ತದೆ, ಕಹಿ ಮಾತ್ರ ಮುಂದೆ ಬರುತ್ತದೆ. ನೈಟ್ರೋಜನ್ ಉಪಕರಣವಿಲ್ಲದವರು ಸೂಜಿಯಿಲ್ಲದ ಶುಭ್ರ ಸಿರಿಂಜಿನಿಂದ ಲೋಟದ ಬಿಯರನ್ನೇ 20 ಮಿಲಿಲೀಟರ್ ಎಳೆದು ಮತ್ತೆ ರಭಸವಾಗಿ ಚಿಮ್ಮಿಸಿದರೆ, ಹೆಚ್ಚಿನ ಅನಿಲ ಹೊರಬಿದ್ದು ನುಣುಪಾದ ನೊರೆ ಕಟ್ಟುತ್ತದೆ.

ಈಗಾಗಲೇ ತಯಾರಾದ ಬಿಯರ್ ಇದ್ದರೆ

ಬಕೆಟ್ಟಿನಲ್ಲೇ ಇರುವ ತೆಳು ಸ್ಟೌಟನ್ನು ಸುಧಾರಿಸಲು ಅವಕಾಶವಿದೆ. ಮಾಲ್ಟೋಡೆಕ್ಸ್‌ಟ್ರಿನ್ನನ್ನು ಅರ್ಧ ಲೀಟರ್ ನೀರಿನಲ್ಲಿ ಕುದಿಸಿ ಆರಿಸಿ, ತಣ್ಣೀರಿನಲ್ಲಿ ನೆನೆಸಿ ಸೋಸಿ ಕುದಿಸಿದ ಹುರಿದ ಬಾರ್ಲಿಯ ದ್ರವವನ್ನೂ ಸೇರಿಸಿ, ಗಾಳಿ ಬೆರೆಯದಂತೆ ಮೆಲ್ಲನೆ ಕಲಕಬೇಕು. ಎಷ್ಟು ಬೇಕೆಂಬುದನ್ನು ಮೊದಲು 200 ಮಿಲಿಲೀಟರ್ ಮಾದರಿಯಲ್ಲಿ ಅಳೆದು ನೋಡಿ, ಆ ಪ್ರಮಾಣವನ್ನು ಇಡೀ ಬಕೆಟ್ಟಿಗೆ ಗುಣಿಸಿಕೊಳ್ಳಿ.

ಬಾಟಲಿ ತುಂಬಿಯಾದ ಮೇಲೆ ಏನನ್ನೂ ಸೇರಿಸಬಾರದು. ಹೊಸದಾಗಿ ತುಂಬಿದ್ದರೆ ನಾಲ್ಕರಿಂದ ಆರು ವಾರ ಕಾಯಿರಿ; ಹುರಿದ ಧಾನ್ಯದ ಮೊನೆ ಅಷ್ಟರಲ್ಲಿ ಮಾಗುತ್ತದೆ. ಅದಕ್ಕೆ ಬದಲಾಗಿ ವಾರ ವಾರಕ್ಕೂ ಬಿಯರ್ ಇನ್ನಷ್ಟು ತೆಳುವಾಗುತ್ತ, ನೊರೆ ಇನ್ನಷ್ಟು ಉಕ್ಕುತ್ತ ಬಂದರೆ ಅದು ಸೋಂಕು. ಡಯಾಸ್ಟ್ಯಾಟಿಕಸ್ ಎಂಬ ಬಗೆಯ ಯೀಸ್ಟ್ ಅಥವಾ ಇತರ ಕಾಡು ಯೀಸ್ಟ್‌ಗಳು ಸಾಮಾನ್ಯ ಯೀಸ್ಟ್ ಬಿಟ್ಟ ಡೆಕ್ಸ್‌ಟ್ರಿನ್‌ಗಳನ್ನೂ ತಿಂದುಹಾಕುತ್ತವೆ. ಒಂದು ಬಾಟಲಿಯ ಅನಿಲ ತೆಗೆದು ಗ್ರಾವಿಟಿ ಅಳೆಯಿರಿ. ತುಂಬುವಾಗಿನ ಅಂಕಿಗಿಂತ ಅದು ಮೂರು ನಾಲ್ಕು ಅಂಕ ಕೆಳಗಿದ್ದರೆ ಉಳಿದ ಬಾಟಲಿಗಳನ್ನು ದಪ್ಪ ಬಟ್ಟೆ ಸುತ್ತಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಫ್ರಿಜ್ಜಿಗೆ ಸಾಗಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಒಂದೊಂದಾಗಿ ಮುಚ್ಚಳ ಸಡಿಲಿಸಬೇಕು. ಆ ಸಲದ ತಯಾರಿಕೆಯಲ್ಲಿ ಬಳಸಿದ ಪ್ಲಾಸ್ಟಿಕ್ ಕೊಳವೆ ಮತ್ತು ನಲ್ಲಿಗಳನ್ನು ತೊಳೆದು ಮತ್ತೆ ಬಳಸುವ ಬದಲು ಹೊಸದನ್ನು ತರುವುದು ಒಳ್ಳೆಯದು, ಏಕೆಂದರೆ ಗೀರುಬಿದ್ದ ಪ್ಲಾಸ್ಟಿಕ್ಕಿನೊಳಗೆ ಅಡಗಿದ ಯೀಸ್ಟ್‌ಗೆ ಸೋಂಕುನಿವಾರಕ ತಲುಪುವುದಿಲ್ಲ.